ತಲೆಬುರುಡೆಯೊಳಗಿನ ಒತ್ತಡವನ್ನು ಇಇಜಿ ಹೇಳಬಲ್ಲದೇ?

ತಲೆಗೆ ಪೆಟ್ಟು ಬಿದ್ದು ಐಸಿಯು ಸೇರಿದವರ ಮನೆಯವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು: "ಒಳಗೆ ಪ್ರೆಶರ್ ಜಾಸ್ತಿ ಆಗಿದೆ ಅಂದ್ರು ಡಾಕ್ಟ್ರು. ನಿಮ್ಮ ಮಷೀನಲ್ಲಿ ಎಷ್ಟು ತೋರಿಸ್ತಿದೆ?" ನಾನು ಇಇಜಿ ಟೆಕ್ನಿಷಿಯನ್. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಕೆಲಸ. ತಲೆಗೆ ವೈರು ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವುದು ನನ್ನ ಪಾಲಿನ ಕೆಲಸ, ವರದಿ ಬರೆಯುವುದು ಡಾಕ್ಟರ್. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕು ಅಂದರೆ ಐಸಿಯು ಬಾಗಿಲಲ್ಲಿ ನಿಂತು ಎರಡು ನಿಮಿಷ ಮಾತಾಡಿದರೆ ಸಾಲದು. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಇಜಿ ಒತ್ತಡವನ್ನು ಅಳೆಯುವುದಿಲ್ಲ. ಆ ಒತ್ತಡದಿಂದ ಮಿದುಳು ಎಷ್ಟು ಕಷ್ಟಪಡುತ್ತಿದೆ ಅನ್ನುವುದನ್ನು ತೋರಿಸುತ್ತದೆ. ಇವೆರಡೂ ಬೇರೆ ಬೇರೆ. ನಮ್ಮಂಥ ಆಸ್ಪತ್ರೆಗಳಿಗೆ ಎರಡನೆಯದೇ ಹೆಚ್ಚು ಬೇಕಾಗಿದೆ ಅಂತ ನನ್ನ ನಂಬಿಕೆ. ಆದರೆ ಅದನ್ನು ಒಂದು ಸೂತ್ರಕ್ಕೆ ಹಾಕಿ ನಂಬರ್ ಮಾಡಿ ಸ್ಕ್ರೀನ್ ಮೇಲೆ ತೋರಿಸಲು ಹೊರಟರೆ ಅಪಾಯ ಇದೆ. ಯಾಕೆ ಅಂತ ಹೇಳುತ್ತೇನೆ.

ಒತ್ತಡದ ವಿಷಯ ಮೊದಲು. ಇದು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಅಲ್ಲ. ತಲೆಬುರುಡೆಯ ಗಟ್ಟಿ ಮೂಳೆಯೊಳಗೆ ಇರುವ ಒತ್ತಡ, ಆಸ್ಪತ್ರೆಯಲ್ಲಿ ಇದಕ್ಕೆ ಐಸಿಪಿ ಅಂತಾರೆ. ಆರೋಗ್ಯವಾಗಿರುವ ದೊಡ್ಡವರು ಮಲಗಿದ್ದಾಗ ಇದು ಸುಮಾರು 7ರಿಂದ 15 ಮಿ.ಮೀ. ಪಾದರಸದಷ್ಟು ಇರುತ್ತದೆ. ಕೆಮ್ಮಿದರೆ, ಸೀನಿದರೆ ಒಂದು ಕ್ಷಣ ಮೇಲೇರಿ ಇಳಿಯುತ್ತದೆ, ಅದರಿಂದ ಏನೂ ತೊಂದರೆ ಇಲ್ಲ. ಜೋರು ಪೆಟ್ಟು ಬಿದ್ದವರಲ್ಲಿ ಇದು 22 ದಾಟಿದರೆ ಇಳಿಸಲು ಚಿಕಿತ್ಸೆ ಕೊಡಬೇಕು ಅಂತ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದಕ್ಕೆ ಮೊದಲು ಈ ಗಡಿ 20 ಇತ್ತು.

ತಲೆಬುರುಡೆಯೊಳಗೆ ಇರುವುದು ಮೂರೇ. ನೂರಕ್ಕೆ ಸುಮಾರು ಎಂಬತ್ತು ಭಾಗ ಮಿದುಳು. ಉಳಿದ ಜಾಗವನ್ನು ರಕ್ತ ಮತ್ತು ಸಿಎಸ್‌ಎಫ್ ಅನ್ನುವ ತಿಳಿ ನೀರು ಹೆಚ್ಚುಕಮ್ಮಿ ಸಮನಾಗಿ ಹಂಚಿಕೊಂಡಿವೆ. ಈ ನೀರು ಯಾವುದೇ ಹೊತ್ತಿನಲ್ಲಿ 150 ಮಿ.ಲೀ. ಆಸುಪಾಸು ಇರುತ್ತದೆ, ಆದರೆ ದಿನಕ್ಕೆ 500 ಮಿ.ಲೀ.ನಷ್ಟು ಹೊಸದಾಗಿ ತಯಾರಾಗಿ ಅಷ್ಟೇ ಹೀರಿಕೊಂಡು ಹೋಗುತ್ತಿರುತ್ತದೆ. ಮೂಳೆ ಹಿಗ್ಗುವುದಿಲ್ಲ, ಹಾಗಾಗಿ ಒಂದು ಹೆಚ್ಚಾದರೆ ಇನ್ನೊಂದು ಕಮ್ಮಿ ಆಗಲೇಬೇಕು ಅನ್ನುವ ಲೆಕ್ಕವನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಅವರ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಮುಂದಿಟ್ಟರು. ಇವತ್ತಿಗೂ ಐಸಿಯುನಲ್ಲಿ ನಡೆಯುವ ಬಹುಪಾಲು ಚಿಕಿತ್ಸೆಗೆ ಅದೇ ಬುನಾದಿ.

ಜಾತ್ರೆ ದಿನದ ಬಸ್ಸನ್ನು ನೆನಪಿಸಿಕೊಳ್ಳಿ. ಮೊದಮೊದಲು ಹತ್ತಿದವರಿಗೆಲ್ಲ ಜಾಗ ಸಿಗುತ್ತಾ ಹೋಗುತ್ತದೆ, ಸ್ವಲ್ಪ ಸರೀರಿ, ಒಳಗೆ ಹೋಗ್ರಿ ಅಂದರೆ ಸಾಕು. ಒಂದು ಹಂತ ದಾಟಿದ ಮೇಲೆ ಇನ್ನೊಬ್ಬರು ಕಾಲಿಟ್ಟರೂ ಇಡೀ ಬಸ್ಸಿಗೇ ಉಸಿರು ಕಟ್ಟುತ್ತದೆ. ತಲೆಯೊಳಗೂ ಹೀಗೇ. ಬಾವು ಬರಲಿ, ರಕ್ತ ಹೆಪ್ಪುಗಟ್ಟಲಿ, ಶುರುವಿನಲ್ಲಿ ಸಿಎಸ್‌ಎಫ್ ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಡುತ್ತದೆ, ರಕ್ತನಾಳಗಳಲ್ಲಿನ ರಕ್ತವೂ ಸ್ವಲ್ಪ ಹೊರಗೆ ಸರಿಯುತ್ತದೆ, ಒತ್ತಡ ಅಷ್ಟೇನೂ ಏರುವುದಿಲ್ಲ. ಸರಿಯಲು ಇನ್ನೇನೂ ಉಳಿದಿಲ್ಲ ಅನ್ನುವಾಗ ಮಾತ್ರ ಒಂದೆರಡು ಚಮಚದಷ್ಟು ಬಾವಿಗೂ ಒತ್ತಡ ಸರ್ರನೆ ಏರಿಬಿಡುತ್ತದೆ. ಬೆಳಿಗ್ಗೆ ಮಾತಾಡುತ್ತಿದ್ದ ಹುಡುಗ ಮಧ್ಯಾಹ್ನ ಪ್ರಜ್ಞೆ ತಪ್ಪುವುದು ಹೀಗೆ. ಮನೆಯವರಿಗೆ ಇದು ಅರ್ಥವೇ ಆಗುವುದಿಲ್ಲ. "ಬೆಳಿಗ್ಗೆ ಕಾಫಿ ಕುಡಿದನಲ್ಲ ಸರ್" ಅಂತಾರೆ.

ಬಿಪಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಮಿದುಳಿಗೆ ರಕ್ತ ನುಗ್ಗಬೇಕಾದರೆ ಸರಾಸರಿ ಬಿಪಿ ತಲೆಯೊಳಗಿನ ಒತ್ತಡಕ್ಕಿಂತ ಚೆನ್ನಾಗಿ ಮೇಲಿರಬೇಕು. ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವುದೇ ಮಿದುಳಿಗೆ ರಕ್ತ ತಳ್ಳುವ ಬಲ. ಅದು 60ರಿಂದ 70ರ ಒಳಗೆ ಇರಲಿ ಅಂತ ನೋಡುತ್ತಾರೆ. ಸರಾಸರಿ ಬಿಪಿ 80, ತಲೆಯೊಳಗೆ 15 ಇದ್ದರೆ 65 ಉಳಿಯಿತು, ಪರವಾಗಿಲ್ಲ. ಬಿಪಿ ಅಷ್ಟೇ ಇದ್ದು ಒಳಗೆ 40 ಆದರೆ ಉಳಿದದ್ದು 40. ಮಾನಿಟರ್ ಮೇಲೆ ಬಿಪಿ ಹಸಿರಾಗಿ, ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ, ಮಿದುಳು ಮಾತ್ರ ರಕ್ತ ಸಾಲದೆ ಒದ್ದಾಡುತ್ತಿರುತ್ತದೆ.

ಹಾಗಾದರೆ ನೇರವಾಗಿ ಅಳೆದುಬಿಡಬಹುದಲ್ವಾ? ಅಳೆಯುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿದ್ದ ನೀಲ್ಸ್ ಲುಂಡ್‌ಬರ್ಗ್ 1960ರಲ್ಲಿ ಇದರ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ತಲೆಬುರುಡೆಗೆ ತೂತು ಕೊರೆದು ಮಿದುಳಿನ ನೀರಿನ ಕೋಣೆಗೆ ತೆಳ್ಳನೆ ಕೊಳವೆ ಇಳಿಸಿ, ಗಂಟೆಗಟ್ಟಲೆ, ದಿನಗಟ್ಟಲೆ ಒತ್ತಡವನ್ನು ದಾಖಲಿಸುವುದು ಅವರ ವಿಧಾನ. ಒತ್ತಡ ಸುಮ್ನೆ ಒಂದೇ ಮಟ್ಟದಲ್ಲಿ ಕೂತಿರುವುದಿಲ್ಲ, ಕೆಲವರಲ್ಲಿ ಇದ್ದಕ್ಕಿದ್ದಂತೆ 50ರಿಂದ 100ರವರೆಗೆ ಏರಿ ಐದು, ಹತ್ತು, ಇಪ್ಪತ್ತು ನಿಮಿಷ ಅಲ್ಲೇ ನಿಂತು ಮತ್ತೆ ಇಳಿಯುತ್ತದೆ ಅನ್ನುವುದು ಅವರಿಂದ ಗೊತ್ತಾಯಿತು. ಇಂಥ ಏರಿಳಿತ ಸಿಟಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಆ ಕ್ಷಣದ ಚಿತ್ರ ಅಷ್ಟೇ. ಇವತ್ತಿಗೂ ಈ ಕೊಳವೆ ವಿಧಾನವೇ ಎಲ್ಲಕ್ಕಿಂತ ನಂಬಿಕಸ್ತ, ಅದರ ಮೂಲಕ ಹೆಚ್ಚಾದ ನೀರನ್ನು ಹೊರಗೆ ಬಸಿಯಲೂಬಹುದು. ಮಿದುಳಿಗೇ ಚುಚ್ಚುವ ಸಣ್ಣ ಸೆನ್ಸರ್‌ಗಳೂ ಇವೆ.

ಆದರೆ ಇದಕ್ಕೆ ನ್ಯೂರೋ ಸರ್ಜನ್ ಬೇಕು. ಸೋಂಕಿನ ಭಯ ಇದೆ, ರಕ್ತಸ್ರಾವದ ಭಯ ಇದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗಿಗೆ ಹಾಕುವುದು ಕಷ್ಟ. ಒಂದು ಸಲ ಬಳಸಿ ಬಿಸಾಡುವ ಸೆನ್ಸರ್‌ನ ಖರ್ಚು ಬೇರೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದೆಲ್ಲ ಇರುತ್ತದೆ. ನಮ್ಮ ಕಡೆ ಹೆದ್ದಾರಿಯಲ್ಲಿ ಬೈಕ್ ಬಿದ್ದು ಬರುವ ಹುಡುಗನಿಗೆ ಸಿಗುವುದು ಒಂದು ಸಿಟಿ ಸ್ಕ್ಯಾನ್, ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ನೋಡುವ ಸಿಸ್ಟರ್, ಒತ್ತಡ ಇಳಿಸಲು ಕೊಡುವ ಮ್ಯಾನಿಟಾಲ್ ಬಾಟಲಿ. ಆಮೇಲೆ ಬರುವುದೇ ದೊಡ್ಡ ಪ್ರಶ್ನೆ: ಬೆಂಗಳೂರಿಗೆ ಕಳಿಸಬೇಕಾ, ಇಲ್ಲೇ ಇಟ್ಟುಕೊಳ್ಳಬೇಕಾ? ರಾಜ್ಯದ ಮೂಲೆಮೂಲೆಯಿಂದ ನಿಮ್ಹಾನ್ಸ್‌ಗೆ ಆಂಬುಲೆನ್ಸ್‌ಗಳು ಹೋಗುತ್ತಲೇ ಇರುತ್ತವೆ. ಬೇಗ ಕಳಿಸಿದರೆ ದಾರಿಯಲ್ಲಿ ಏನಾಗುತ್ತದೋ, ತಡ ಮಾಡಿದರೆ ಇಲ್ಲಿ ಏನಾಗುತ್ತದೋ. ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕಿಗೆ ಕುಗ್ಗದೆ ನಿಂತಾಗ, ಬಿಪಿ ಏರಿ ನಾಡಿ ನಿಧಾನವಾದಾಗ ಯಾರಿಗಾದರೂ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಅದಕ್ಕೂ ಮೊದಲೇ ಹೇಳುವ ಏನಾದರೂ ಬೇಕು.

ಇಇಜಿ ಬಗ್ಗೆ ನನಗೆ ಆಸೆ ಇರುವುದು ಇಲ್ಲೇ.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊದಲ ಸಲ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಅವರ ಮೊದಲ ದಾಖಲೆಗಳು ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಒಂದು ಭಾಗ ಇಲ್ಲದವರಿಂದ ಬಂದವು ಅನ್ನುವುದು ನನಗೆ ಯಾವಾಗಲೂ ಕುತೂಹಲದ ಸಂಗತಿ. ಮೂಳೆ ಅಡ್ಡ ಇಲ್ಲದಿದ್ದರೆ ಅಲೆ ದೊಡ್ಡದಾಗಿ ಸಿಗುತ್ತದೆ. ಮೂಳೆ, ಚರ್ಮ ದಾಟಿ ನಮ್ಮ ಎಲೆಕ್ಟ್ರೋಡ್‌ಗೆ ಸಿಗುವುದು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ಇಸಿಜಿಯಲ್ಲಿ ಕಾಣುವ ಹೃದಯದ ಸಂಕೇತ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಈ ಅಲೆಗಳನ್ನು ಹುಟ್ಟಿಸುವುದು ಮಿದುಳಿನ ಮೇಲ್ಪದರದ ಜೀವಕೋಶಗಳು. ಅವುಗಳ ಹಸಿವು ಜಾಸ್ತಿ. ದೇಹದ ತೂಕದಲ್ಲಿ ಮಿದುಳು ನೂರಕ್ಕೆ ಎರಡು ಭಾಗ, ಆಮ್ಲಜನಕ ಬಳಸುವುದು ನೂರಕ್ಕೆ ಇಪ್ಪತ್ತು. ಎಚ್ಚರವಾಗಿ ಕಣ್ಣು ಮುಚ್ಚಿ ಕೂತವರಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಕಾಣುತ್ತದೆ, ಅದಕ್ಕಿಂತ ವೇಗದ್ದು ಬೀಟಾ. ಸೆಕೆಂಡಿಗೆ ನಾಲ್ಕಕ್ಕಿಂತ ಕಮ್ಮಿ ಇರುವ ದೊಡ್ಡ, ನಿಧಾನದ ಅಲೆ ಡೆಲ್ಟಾ. ಗಾಢ ನಿದ್ದೆಯಲ್ಲಿ ಡೆಲ್ಟಾ ಬಂದರೆ ಸಹಜ. ಎಚ್ಚರ ಇರಬೇಕಾದವರಲ್ಲಿ ಬಂದರೆ ಸಹಜ ಅಲ್ಲ.

ಸಾಮಾನ್ಯವಾಗಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತದೆ. ಅದು ಅರ್ಧಕ್ಕೆ ಇಳಿಯುತ್ತಿದ್ದಂತೆ ವೇಗದ ಅಲೆಗಳು ಕರಗುತ್ತವೆ, ನಿಧಾನದ ಅಲೆಗಳು ಮೇಲೆ ಬರುತ್ತವೆ. 15ರ ಹತ್ತಿರ ಬಂದರೆ ಗೆರೆ ಸಪಾಟಾಗುತ್ತದೆ. 10ಕ್ಕಿಂತ ಕೆಳಗೆ ಹೋಗಿ ಅಲ್ಲೇ ಉಳಿದರೆ ಕೋಶಗಳು ಸಾಯುತ್ತವೆ. ಕತ್ತಿನ ರಕ್ತನಾಳದ ಆಪರೇಷನ್‌ನಲ್ಲಿ ಸ್ವಲ್ಪ ಹೊತ್ತು ಕ್ಲಾಂಪ್ ಹಾಕಿದಾಗ ಇದನ್ನು ಕಣ್ಣಾರೆ ನೋಡಬಹುದು, ರಕ್ತ ಸಾಲದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಆ ಬದಿಯ ಅಲೆ ಬದಲಾಗುತ್ತದೆ. ಗಮನಿಸಬೇಕಾದ್ದು ಏನಂದ್ರೆ, ಅಲೆ ನಿಧಾನವಾಗುವುದಕ್ಕೂ ಕೋಶ ಸಾಯುವುದಕ್ಕೂ ನಡುವೆ ಅಂತರ ಇದೆ. ಆ ಅಂತರದಲ್ಲಿ ಮಿದುಳು ಕೆಲಸ ನಿಲ್ಲಿಸಿರುತ್ತದೆ, ಆದರೆ ಸತ್ತಿರುವುದಿಲ್ಲ. ಒತ್ತಡ ಏರಿ ರಕ್ತ ಕಮ್ಮಿಯಾಗುತ್ತಿರುವ ತಲೆಯಲ್ಲಿ ಇಇಜಿ ಕೂಗಿ ಹೇಳುವುದು ಆ ಹೊತ್ತಿನಲ್ಲಿ. ಆಗ ಮ್ಯಾನಿಟಾಲ್ ಕೊಟ್ಟರೂ ಉಪಯೋಗ ಇದೆ, ಆಂಬುಲೆನ್ಸ್ ಹೊರಟರೂ ಉಪಯೋಗ ಇದೆ.

ಐಸಿಯುನಲ್ಲಿ ಇಇಜಿ ಹಾಕುವುದು ಹೊರರೋಗಿ ವಿಭಾಗದ ಹಾಗೆ ಸಲೀಸಲ್ಲ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂಬದಿಯ ಉಬ್ಬಿನವರೆಗೆ ಟೇಪು ಹಿಡಿದು, ಈ ಕಿವಿಯಿಂದ ಆ ಕಿವಿಯವರೆಗೆ ಅಳೆದು, ಶೇಕಡಾ ಹತ್ತು, ಇಪ್ಪತ್ತರ ಲೆಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಬೇಕು. ಪೆಟ್ಟು ಬಿದ್ದವರ ಕೂದಲಲ್ಲಿ ರಕ್ತ ಒಣಗಿ ಅಂಟಿರುತ್ತದೆ. ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಬಿಡಿಸಿ, ಚರ್ಮ ಉಜ್ಜಿ, ಪೇಸ್ಟ್ ಹಾಕಿ, ಒಂದೊಂದೇ ಎಲೆಕ್ಟ್ರೋಡ್ ಕೂರಿಸಬೇಕು. ಹೊಲಿಗೆ ಇದ್ದ ಕಡೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಆ ಕಡೆಯದನ್ನೂ ಅಷ್ಟೇ ಸರಿಸಬೇಕು, ಇಲ್ಲದಿದ್ದರೆ ಎಡ ಬಲ ಹೋಲಿಸಲು ಆಗಲ್ಲ. ನೆತ್ತರು ಕಟ್ಟಿ ಊದಿದ ಚರ್ಮದ ಮೇಲೆ ಅಲೆ ಚಿಕ್ಕದಾಗಿ ಬರುತ್ತದೆ. ಮೂಳೆ ತೆಗೆದ ಬದಿಯಲ್ಲಿ ದೊಡ್ಡದಾಗಿ, ಚೂಪಾಗಿ ಬರುತ್ತದೆ. ಇವೆರಡೂ ಮಿದುಳಿನ ಕಾಯಿಲೆಯಿಂದ ಆದದ್ದಲ್ಲ, ಹಾಗಾಗಿ ಊತ ಎಲ್ಲಿ, ಮೂಳೆ ಇಲ್ಲದ ಜಾಗ ಎಲ್ಲಿ ಅಂತ ಹಾಳೆಯ ಮೇಲೆ ಬರೆದಿಡದಿದ್ದರೆ ಓದುವವರು ದಾರಿ ತಪ್ಪುತ್ತಾರೆ. ಆಮೇಲೆ ಕರೆಂಟಿನ 50 ಹರ್ಟ್ಸ್ ಗಲಾಟೆ. ವೆಂಟಿಲೇಟರ್, ಇನ್ಫ್ಯೂಷನ್ ಪಂಪು, ಏರ್ ಬೆಡ್ಡಿನ ಮೋಟರು ಎಲ್ಲವೂ ಅಲೆಯೊಳಗೆ ಬಂದು ಸೇರಿಕೊಳ್ಳುತ್ತವೆ. ಸಿಸ್ಟರನ್ನು ಕೇಳಿ ಏರ್ ಬೆಡ್ಡನ್ನು ಸ್ವಲ್ಪ ಹೊತ್ತು ಆಫ್ ಮಾಡಿಸುವುದು ರೂಢಿ.

ಒಂದು ಕೆಲಸ ಮಾತ್ರ ನಾನು ಎಂದೂ ಬಿಡುವುದಿಲ್ಲ. ರೋಗಿಯನ್ನು ಕೂಗಿ ನೋಡುವುದು. ಅಲೆ ಎಷ್ಟೇ ನಿಧಾನವಾಗಿರಲಿ, ಹೆಸರು ಕೂಗಿದಾಗ, ಉಗುರಿನ ಮೇಲೆ ಒತ್ತಿದಾಗ ಅದು ಬದಲಾಗುತ್ತದೆಯೇ ಅನ್ನುವುದು ಡಾಕ್ಟರಿಗೆ ಬಹಳ ಮುಖ್ಯ. ಬದಲಾದರೆ ಒಳ್ಳೆಯ ಸೂಚನೆ. ಈಚೆಗೆ ಒಬ್ಬ ಹುಡುಗ ಬಂದಿದ್ದ, ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದಿ ಬಿದ್ದಿದ್ದ. ಕೇಸ್ ಶೀಟಿನಲ್ಲಿದ್ದ ಹೆಸರು ಹಿಡಿದು ಕೂಗಿದೆ, ಏನೂ ಆಗಲಿಲ್ಲ. ಹೊರಗೆ ಬಂದು ಅವರ ತಾಯಿಯನ್ನು ಕೇಳಿದೆ, "ಅಮ್ಮಾ, ಮನೇಲಿ ಇವನನ್ನ ಏನಂತ ಕರೀತೀರಿ?" "ಪುಟ್ಟಾ ಅಂತೀವಪ್ಪಾ, ಯಾಕಪ್ಪಾ?" ಅಂದರು. ಡಾಕ್ಟರ ಒಪ್ಪಿಗೆ ಪಡೆದು ಅವರನ್ನೇ ಒಳಗೆ ಕರೆತಂದು, ಗೌನು ಹಾಕಿಸಿ, ಕಿವಿಯ ಹತ್ತಿರ ಕರೆಯಿರಿ ಅಂದೆ. "ಪುಟ್ಟಾ, ಏಳೋ, ನಾನು ಕಣೋ" ಅಂದರು. ದೊಡ್ಡ ಡೆಲ್ಟಾ ಅಲೆಗಳು ಎರಡು ಮೂರು ಸೆಕೆಂಡು ಚಪ್ಪಟೆಯಾಗಿ, ಸಣ್ಣ ವೇಗದ ಅಲೆಗಳು ಬಂದು, ಮತ್ತೆ ಡೆಲ್ಟಾ ಶುರುವಾಯಿತು. ಕೈ ಕಾಲು ಅಲುಗಲಿಲ್ಲ, ಕಣ್ಣು ತೆರೆಯಲಿಲ್ಲ, ನಾಡಿಯಲ್ಲೂ ವ್ಯತ್ಯಾಸ ಇಲ್ಲ. ಸ್ಕ್ರೀನಿನಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು. ನಾನು ಆ ಜಾಗದಲ್ಲಿ "ತಾಯಿ ಕರೆದರು" ಅಂತ ಗುರುತು ಹಾಕಿದೆ. ಇಂಥ ಮಾಹಿತಿಯನ್ನು ಐಸಿಪಿ ಸೆನ್ಸರ್ ಕೊಡಲಾರದು. ಅದು 18 ಅಂತ ಹೇಳಬಹುದು, 25 ಅಂತ ಹೇಳಬಹುದು, ತಾಯಿಯ ಧ್ವನಿ ಒಳಗೆ ತಲುಪಿತು ಅಂತ ಹೇಳುವುದಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಅಲೆಗಳಿಂದಲೇ ಒತ್ತಡದ ಲೆಕ್ಕ ತೆಗೆಯಬಹುದಲ್ಲ ಅಂತ ಅನಿಸುವುದು ಸಹಜ. ಪ್ರಯತ್ನಗಳು ಹಿಂದಿನಿಂದಲೂ ನಡೆದಿವೆ. 1981ರಲ್ಲಿ ಅಮೆರಿಕದ ಒಂದು ತಂಡ ಮುಚ್ಚಿದ ಕಣ್ಣಿನ ಮೇಲೆ ಬೆಳಕು ಮಿಣುಕಿಸಿ, ತಲೆಯ ಹಿಂಬದಿಯಲ್ಲಿ ಬರುವ ಉತ್ತರದ ಅಲೆಯನ್ನು ನೋಡಿತು. ಸಾಮಾನ್ಯವಾಗಿ 70 ಮಿಲಿಸೆಕೆಂಡಿನ ಹತ್ತಿರ ಬರುವ ಒಂದು ಇಳಿತ, ಒತ್ತಡ ಹೆಚ್ಚಿದ್ದವರಲ್ಲಿ ತಡವಾಗಿ ಬರುತ್ತಿತ್ತು. ಕಣ್ಣಿನಿಂದ ಹಿಂದಲೆಯವರೆಗೆ ಸಂಕೇತ ಮಿದುಳಿನ ಉದ್ದಕ್ಕೂ ಸಾಗಬೇಕು, ದಾರಿಯಲ್ಲಿ ಎಲ್ಲಿ ಒತ್ತಿದರೂ ತಡವಾಗುತ್ತದೆ ಅನ್ನುವ ತರ್ಕ. ಚೆನ್ನಾಗಿದೆ. ಆದರೆ ಒಬ್ಬರಿಂದ ಒಬ್ಬರಿಗೆ ಈ ಸಮಯದಲ್ಲೇ ವ್ಯತ್ಯಾಸ ಇರುತ್ತದೆ, ಕಣ್ಣಿನ ನರಕ್ಕೇ ಪೆಟ್ಟಾಗಿದ್ದರೆ ಕಥೆ ಮುಗಿಯಿತು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲರಿಗೂ ಅಷ್ಟೇ ಒಳ್ಳೆಯ ಫಲಿತಾಂಶ ಸಿಗಲಿಲ್ಲ.

2012ರಲ್ಲಿ ಚೀನಾದ ಒಂದು ತಂಡ ಬೇರೆ ದಾರಿ ಹಿಡಿಯಿತು. ಇಇಜಿಯಲ್ಲಿ ಒಟ್ಟು ಶಕ್ತಿಯ ಎಷ್ಟು ಪಾಲು ಡೆಲ್ಟಾದಲ್ಲಿದೆ, ಅಲೆಗಳ ನಡುಮಧ್ಯದ ವೇಗ ಎಷ್ಟು ಅನ್ನುವ ಎರಡನ್ನೂ ಸೇರಿಸಿ ಒಂದು ಸೂಚ್ಯಂಕ ಮಾಡಿದರು. ಒತ್ತಡ ಏರಿದರೆ ಡೆಲ್ಟಾ ಪಾಲು ಹೆಚ್ಚುತ್ತದೆ, ವೇಗ ಇಳಿಯುತ್ತದೆ. ಅಳೆದ ಒತ್ತಡದ ಜೊತೆ ಹೋಲಿಸಿದಾಗ ಒಳ್ಳೆಯ ಹೊಂದಾಣಿಕೆ ಸಿಕ್ಕಿತು. ಈಗೀಗ ಕಂಪ್ಯೂಟರಿಗೆ ಕಲಿಸಿ ಅಲೆಯಿಂದ ಒತ್ತಡ ಊಹಿಸುವ ಕೆಲಸವೂ ನಡೆಯುತ್ತಿದೆ.

ನನ್ನ ತಕರಾರು ಇರುವುದು ಈ ಹಂತದಲ್ಲಿ. ಡೆಲ್ಟಾ ಹೆಚ್ಚಾಗಲು ಒತ್ತಡವೇ ಬೇಕಾಗಿಲ್ಲ. ಸೋಡಿಯಂ ಕಮ್ಮಿಯಾದರೂ ಹೆಚ್ಚುತ್ತದೆ, ಲಿವರ್ ಕೈಕೊಟ್ಟರೂ ಹೆಚ್ಚುತ್ತದೆ, ಪಾರ್ಶ್ವವಾಯು ಆದರೂ ಆ ಬದಿಯಲ್ಲಿ ಹೆಚ್ಚುತ್ತದೆ. ಎಲ್ಲಕ್ಕಿಂತ ದೊಡ್ಡದು ನಿದ್ದೆ ಮಾಡಿಸುವ ಔಷಧಿ. ಪ್ರೊಪೊಫಾಲ್ ಹೋಗುತ್ತಿದ್ದರೆ ಅಲೆ ನಿಧಾನವಾಗುತ್ತದೆ, ಪ್ರಮಾಣ ಹೆಚ್ಚಾದರೆ ಒಂದಿಷ್ಟು ಅಲೆ, ಒಂದಿಷ್ಟು ಸಪಾಟು, ಮತ್ತೆ ಅಲೆ, ಮತ್ತೆ ಸಪಾಟು ಅಂತ ಬರುತ್ತದೆ. ಮಿಡಾಝೋಲಾಮ್ ಇದ್ದರೆ ಬೀಟಾ ತುಂಬಿಕೊಳ್ಳುತ್ತದೆ. ಈಗ ಥಯೋಪೆಂಟೋನ್ ವಿಷಯ ನೋಡಿ. ಬೇರೇನಕ್ಕೂ ಬಗ್ಗದ ಒತ್ತಡಕ್ಕೆ ಇದನ್ನು ಕೊಟ್ಟು ಬೇಕಂತಲೇ ಮಿದುಳನ್ನು ಆಳವಾಗಿ ಮಲಗಿಸುತ್ತಾರೆ. ಮಿದುಳಿನ ಹಸಿವು ಇಳಿಯುತ್ತದೆ, ಅದಕ್ಕೆ ಬರುವ ರಕ್ತ ಇಳಿಯುತ್ತದೆ, ಅದರ ಜೊತೆ ಒಳಗಿನ ಒತ್ತಡವೂ ಇಳಿಯುತ್ತದೆ. ಅಂದರೆ ಅಲೆ ಹೆಚ್ಚುಕಮ್ಮಿ ಸತ್ತೇಹೋದ ಹಾಗೆ ಕಾಣುವ ಹೊತ್ತಿಗೆ ಒತ್ತಡ ಕಮ್ಮಿಯಾಗುತ್ತಿರುತ್ತದೆ! ನಿಧಾನದ ಅಲೆ ಅಂದರೆ ಹೆಚ್ಚಿನ ಒತ್ತಡ ಅಂತ ಕಲಿತ ಸೂತ್ರ ಇಲ್ಲಿ ಪೂರ್ತಿ ಉಲ್ಟಾ ಹೇಳುತ್ತದೆ. ಐಸಿಯುನಲ್ಲಿ ಇರುವ ಗಂಭೀರ ರೋಗಿಗಳಿಗೆ ಬಹುಪಾಲು ಯಾವುದಾದರೂ ನಿದ್ದೆ ಔಷಧಿ ಹೋಗುತ್ತಲೇ ಇರುತ್ತದೆ, ಹಾಗಾಗಿ ಇದು ಅಪರೂಪದ ಅಪವಾದ ಅಂತ ತಳ್ಳಿಹಾಕುವ ಹಾಗಿಲ್ಲ.

ಕಂಪ್ಯೂಟರಿಗೆ ಕಲಿಸುವುದರಲ್ಲೂ ಇದೇ ತೊಡಕು. ಅಲೆ ಮತ್ತು ನಿಜವಾದ ಒತ್ತಡ ಎರಡೂ ಒಟ್ಟಿಗೆ ದಾಖಲಾಗಿರುವುದು ತಲೆ ಕೊರೆದು ಸೆನ್ಸರ್ ಹಾಕಿದವರಲ್ಲಿ ಮಾತ್ರ. ಅವರು ದೊಡ್ಡ ಆಸ್ಪತ್ರೆಯ ಅತಿ ಗಂಭೀರ ರೋಗಿಗಳು, ಹೆಚ್ಚಿನವರು ಔಷಧಿಯ ನಿದ್ದೆಯಲ್ಲಿರುವವರು. ಅವರಿಂದ ಕಲಿತ ಪಾಠವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಅರೆಪ್ರಜ್ಞೆಯಲ್ಲಿ ಮಲಗಿರುವ ಹುಡುಗನಿಗೆ ಹಾಗೇ ಹಾಕಲು ಬರುವುದಿಲ್ಲ. ತಲೆ ಕೊರೆದು ಹಾಕುವ ಸಾಧನಗಳಿಂದ ನಿರೀಕ್ಷಿಸುವ ನಿಖರತೆ 0ಯಿಂದ 20ರವರೆಗೆ ಎರಡು ಮಿ.ಮೀ. ಆಚೀಚೆ ಅಷ್ಟೇ. 22ಕ್ಕೆ ಚಿಕಿತ್ಸೆ ಶುರು ಮಾಡಬೇಕು ಅನ್ನುವ ಕಡೆ, ಹತ್ತು ಮಿ.ಮೀ. ಆಚೀಚೆ ಹೇಳುವ ಊಹೆಯನ್ನು ಅಂಕಿಯಾಗಿ ತೋರಿಸಿದರೆ ನೋಡುವವರು ಅದನ್ನು ನಂಬಿಬಿಡುತ್ತಾರೆ.

ಇಇಜಿಯ ನಿಜವಾದ ಬಲ ಬೇರೆ ಕಡೆ ಇದೆ. ಒಂದು, ಅದೇ ರೋಗಿಯ ನಿನ್ನೆಯ ಅಲೆಗೂ ಇವತ್ತಿನ ಅಲೆಗೂ ಹೋಲಿಸುವುದು. ಮಿದುಳಿನ ರಕ್ತನಾಳ ಒಡೆದು ಬಂದವರಲ್ಲಿ ಕೆಲವು ದಿನಗಳ ನಂತರ ನಾಳಗಳು ಸೆಟೆದು ರಕ್ತ ಕಮ್ಮಿಯಾಗುತ್ತದೆ. ಆಲ್ಫಾ ಅಲೆಗಳ ಪಾಲಿನಲ್ಲಿ ಹೊತ್ತಿನಿಂದ ಹೊತ್ತಿಗೆ ಆಗುವ ಏರಿಳಿತ ಕುಗ್ಗುವುದು ಇದನ್ನು ಮೊದಲೇ ಸೂಚಿಸುತ್ತದೆ ಅಂತ ಲಾಸ್ ಏಂಜಲೀಸ್‌ನ ಪಾಲ್ ವೆಸ್ಪಾ ತಂಡ 1997ರಲ್ಲೇ ತೋರಿಸಿತು. 2004ರಲ್ಲಿ ಇನ್ನೊಂದು ತಂಡ ಆಲ್ಫಾ ಮತ್ತು ಡೆಲ್ಟಾಗಳ ಅನುಪಾತದಿಂದ ಅದನ್ನೇ ಹಿಡಿಯಬಹುದು ಅಂತ ತೋರಿಸಿತು. ಇಲ್ಲಿ ಯಾರೂ ಮಿ.ಮೀ. ಲೆಕ್ಕ ಹೇಳುತ್ತಿಲ್ಲ, ಕೆಟ್ಟದಾಗುತ್ತಿದೆ ನೋಡಿ ಅಂತ ಅಷ್ಟೇ ಹೇಳುತ್ತಿದ್ದಾರೆ.

ಇನ್ನೊಂದು ಫಿಟ್ಸ್. ಕೈಕಾಲು ಅಲುಗದ, ಹೊರಗೆ ಏನೂ ಕಾಣದ ಫಿಟ್ಸ್ ಇರುತ್ತವೆ, ತಲೆಗೆ ಪೆಟ್ಟಾದವರಲ್ಲಿ ಇವು ಅಪರೂಪವೇನಲ್ಲ. ಇವುಗಳ ನಂತರ ತಲೆಯೊಳಗಿನ ಒತ್ತಡ ಏರಿ ಬಹಳ ಹೊತ್ತು ಹಾಗೇ ಉಳಿಯುತ್ತದೆ ಅಂತ ವೆಸ್ಪಾ ತಂಡವೇ 2007ರಲ್ಲಿ ಪ್ರಕಟಿಸಿತು. ಒತ್ತಡದ ಸೆನ್ಸರ್ ಇದ್ದರೆ ಏರಿದ್ದು ಗೊತ್ತಾಗುತ್ತದೆ, ಯಾಕೆ ಏರಿತು ಅಂತ ಗೊತ್ತಾಗುವುದಿಲ್ಲ. ಇಇಜಿ ಕಾರಣವನ್ನೇ ತೋರಿಸುತ್ತದೆ. ಫಿಟ್ಸ್ ಔಷಧಿ ಕೊಟ್ಟರೆ ಆಗುವ ಕೆಲಸಕ್ಕೆ ಮ್ಯಾನಿಟಾಲ್ ಸುರಿಯುವುದು ತಪ್ಪುತ್ತದೆ.

ಕೊರೆಯದೆ ನೋಡುವ ಬೇರೆ ದಾರಿಗಳೂ ಇವೆ, ಅವುಗಳನ್ನು ಮರೆಯಬಾರದು. ಎಲ್ಲಕ್ಕಿಂತ ಹಳೆಯದು ಕೂಸಿನ ನೆತ್ತಿ. ಎಣ್ಣೆ ಒತ್ತುವಾಗ ನೆತ್ತಿ ಉಬ್ಬಿದೆ ಅಂತ ಅಜ್ಜಿಯರು ಗಾಬರಿಯಾಗುವುದು ಸುಮ್ನೆ ಅಲ್ಲ, ಮೂಳೆ ಕೂಡದ ಆ ಜಾಗದಲ್ಲಿ ಒಳಗಿನ ಒತ್ತಡ ಬೆರಳಿಗೇ ಸಿಗುತ್ತದೆ. ಮಗು ಅಳದೆ, ಎತ್ತಿ ಕೂರಿಸಿಕೊಂಡಾಗಲೂ ನೆತ್ತಿ ಉಬ್ಬಿಯೇ ಇದ್ದರೆ ತಡಮಾಡದೆ ತೋರಿಸಬೇಕು. ದೊಡ್ಡವರಲ್ಲಿ ಕಣ್ಣಿನ ನರದ ಸುತ್ತಲಿನ ಹೊದಿಕೆಯ ದಪ್ಪವನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಆ ಹೊದಿಕೆಯೊಳಗೆ ಅದೇ ಸಿಎಸ್‌ಎಫ್ ಇರುವುದರಿಂದ ಒತ್ತಡ ಏರಿದರೆ ಅದು ಊದುತ್ತದೆ. ಕಣತಲೆಯ ತೆಳು ಮೂಳೆಯ ಮೂಲಕ ಡಾಪ್ಲರ್ ಅನ್ನುವ ಅಲ್ಟ್ರಾಸೌಂಡ್ ಇಟ್ಟು ರಕ್ತದ ವೇಗ ನೋಡುವ ವಿಧಾನವೂ ಇದೆ.

ಬ್ರೆಜಿಲ್‌ನ ಸೆರ್ಜಿಯೋ ಮಸ್ಕರೆನ್ಯಾಸ್ ಅವರ ಕೆಲಸ ನನಗೆ ಬಹಳ ಇಷ್ಟ. ಅವರು ವೈದ್ಯರಲ್ಲ, ಸಾವೊ ಕಾರ್ಲೋಸ್‌ನಲ್ಲಿದ್ದ ಭೌತವಿಜ್ಞಾನಿ. ವಯಸ್ಸಾದ ಮೇಲೆ ತಮಗೇ ಮಿದುಳಿನಲ್ಲಿ ನೀರು ತುಂಬುವ ಕಾಯಿಲೆ ಬಂದಾಗ, ಒತ್ತಡ ತಿಳಿಯಲು ತಲೆ ಕೊರೆಯಬೇಕು ಅನ್ನುವುದನ್ನು ಅವರು ಒಪ್ಪಲಿಲ್ಲ. ತಲೆಬುರುಡೆ ಪೂರ್ತಿ ಗಟ್ಟಿ ಅನ್ನುವುದನ್ನೇ ಪ್ರಶ್ನಿಸಿದರು. ಪ್ರತಿ ಹೃದಯ ಬಡಿತಕ್ಕೂ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತದೆ, ಹೊರಗಿನಿಂದ ಸೂಕ್ಷ್ಮ ಸೆನ್ಸರ್ ಒತ್ತಿ ಹಿಡಿದು ಅದನ್ನು ದಾಖಲಿಸಬಹುದು ಅಂತ ತೋರಿಸಿದರು. 2021ರಲ್ಲಿ ಅವರು ತೀರಿಕೊಂಡರು, ಅವರ ಕೆಲಸದಿಂದ ಹುಟ್ಟಿದ ಬ್ರೇನ್4ಕೇರ್ ಸಾಧನ ಈಗ ಬಳಕೆಯಲ್ಲಿದೆ. ಅದೂ ಮಿ.ಮೀ. ಲೆಕ್ಕಕ್ಕಿಂತ ಅಲೆಯ ಆಕಾರಕ್ಕೆ ಒತ್ತು ಕೊಡುತ್ತದೆ. ಪ್ರತಿ ಬಡಿತದ ಅಲೆಯಲ್ಲಿ, ಆರೋಗ್ಯವಾಗಿದ್ದಾಗ ಮೊದಲ ಶಿಖರ ಎತ್ತರ, ಎರಡನೆಯದು ಅದಕ್ಕಿಂತ ಕೆಳಗೆ. ಎರಡನೆಯದು ಮೊದಲನೆಯದನ್ನು ಮೀರಿ ನಿಂತರೆ ತಲೆಯೊಳಗೆ ಸರಿಯಲು ಇನ್ನು ಜಾಗ ಇಲ್ಲ ಅಂತ ಅರ್ಥ.

ನೇರವಾಗಿ ಅಳೆದ ನಂಬರ್ ಇಲ್ಲದಿದ್ದರೆ ಚಿಕಿತ್ಸೆಯೇ ಆಗದು ಅನ್ನುವವರಿಗೆ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೆನಪಿಸಬೇಕು. ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ ತಲೆಗೆ ತೀವ್ರ ಪೆಟ್ಟಾದ 324 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೆನ್ಸರ್ ಹಾಕಿ, ಒತ್ತಡವನ್ನು 20ರ ಒಳಗೆ ಇಡುವ ಚಿಕಿತ್ಸೆ. ಇನ್ನೊಂದಕ್ಕೆ ಸಿಟಿ ಸ್ಕ್ಯಾನ್ ಮತ್ತು ರೋಗಿಯನ್ನು ಪದೇ ಪದೇ ಪರೀಕ್ಷಿಸಿ ಕೊಡುವ ಚಿಕಿತ್ಸೆ. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒತ್ತಡ ಮುಖ್ಯವಲ್ಲ ಅಂತ ಇದರ ಅರ್ಥ ಅಲ್ಲ, ಎರಡನೇ ಗುಂಪಿನವರಿಗೂ ಒತ್ತಡ ಇಳಿಸುವ ಚಿಕಿತ್ಸೆಯನ್ನೇ ಕೊಟ್ಟರು. ಕಣ್ಣಿಟ್ಟು ನೋಡುವವರು ಇದ್ದು, ಕ್ರಮ ತಪ್ಪದೆ ನೋಡಿದರೆ ಸೆನ್ಸರ್ ಇಲ್ಲದ ಕಡೆಯೂ ಜೀವ ಉಳಿಸಬಹುದು ಅಂತ ನಾನು ಅದನ್ನು ಓದಿಕೊಂಡಿದ್ದೇನೆ. ನಮ್ಮ ಜಿಲ್ಲೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಹಾಗಾಗಿ ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ಎಂಟು ಎಲೆಕ್ಟ್ರೋಡ್ ಸಾಕು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ರಾತ್ರಿಯಿಡೀ ಓಡುತ್ತಿರಬೇಕು. ಎಡ ಬಲಗಳ ವ್ಯತ್ಯಾಸ, ವೇಗದ ಅಲೆಗಳ ಇಳಿಕೆ, ಫಿಟ್ಸ್, ಇಷ್ಟನ್ನು ಹಿಡಿದು ಡ್ಯೂಟಿ ಡಾಕ್ಟರನ್ನು ಎಬ್ಬಿಸುವ ಅಲಾರಂ ಇರಬೇಕು. ಇನ್ಫ್ಯೂಷನ್ ಪಂಪಿನಲ್ಲಿ ಯಾವ ನಿದ್ದೆ ಔಷಧಿ ಎಷ್ಟು ಹೋಗುತ್ತಿದೆ ಅನ್ನುವುದು ಅದೇ ಹಾಳೆಯಲ್ಲಿ, ಗಂಟೆಯ ಸಮೇತ ಬರಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತ ನ್ಯೂರಾಲಜಿಸ್ಟ್ ಅದನ್ನು ಫೋನಿನಲ್ಲೇ ತೆರೆದು ನೋಡಿ, ಈಗಲೇ ಕಳಿಸಿ ಅಂತಲೋ, ಬೆಳಗಿನವರೆಗೆ ಅಲ್ಲೇ ಇರಲಿ ಅಂತಲೋ ಹೇಳುವ ಹಾಗಿರಬೇಕು. ತಂತ್ರಜ್ಞಾನ ಎಲ್ಲ ಇದೆ. ಇಲ್ಲದಿರುವುದು ರಾತ್ರಿ ಪಾಳಿಗೆ ಟೆಕ್ನಿಷಿಯನ್. ಬಹುತೇಕ ಕಡೆ ಇಇಜಿ ಕೋಣೆಗೆ ಸಂಜೆ ಬೀಗ ಬೀಳುತ್ತದೆ, ಅಪಘಾತದ ಕೇಸುಗಳು ಬರುವುದು ಅದಾದ ಮೇಲೆ.

ನಿಮ್ಮವರು ಯಾರಾದರೂ ಐಸಿಯುನಲ್ಲಿದ್ದು ಇಇಜಿ ಮಾಡಿದರೆ, ಪ್ರೆಶರ್ ಎಷ್ಟು ಬಂತು ಅಂತ ಕೇಳಬೇಡಿ. ಡಾಕ್ಟರನ್ನು ಬೇರೆ ಮೂರು ಮಾತು ಕೇಳಿ. ಎರಡೂ ಬದಿ ಒಂದೇ ಥರ ಇದೆಯಾ? ಕೂಗಿದಾಗ, ಮುಟ್ಟಿದಾಗ ಅಲೆ ಬದಲಾಯಿತಾ? ದಾಖಲಿಸುವಾಗ ಯಾವ ನಿದ್ದೆ ಔಷಧಿ ಹೋಗುತ್ತಿತ್ತು? ಮತ್ತೆ ಯಾವಾಗ ಮಾಡುತ್ತೀರಿ ಅಂತಲೂ ಕೇಳಿ, ಒಂದೇ ಸಲದ ಇಇಜಿಗಿಂತ ಎರಡನೆಯದರ ಜೊತೆ ಹೋಲಿಸಿದಾಗ ಗೊತ್ತಾಗುವುದು ಜಾಸ್ತಿ. ಟೆಕ್ನಿಷಿಯನ್ ಒಳಗೆ ಹೋಗುವ ಮೊದಲು ರೋಗಿಯನ್ನು ಮನೆಯಲ್ಲಿ ಏನಂತ ಕರೆಯುತ್ತೀರಿ, ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಕಿವಿ ಸರಿಯಾಗಿ ಕೇಳುತ್ತಿತ್ತಾ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿಬಿಡಿ.